ಸೋರುವ ಕಾರು, ಪರ್ಮನೆಂಟಾಗದ ಅಳಿಯ

ಕಾರು ಸೋರುವುದು ಒಂದು ಕಡೆ, ನೀರು ಕಾಣುವುದು ಇನ್ನೊಂದು ಕಡೆ. ಗ್ಯಾರೇಜಿನಲ್ಲಿ ಮೊದಲ ವಾರವೇ ಕಲಿತ ಪಾಠ ಇದು. ಸೋರಿಕೆ ಹುಡುಕುವವನಿಗೆ ನಗೆಯ ಪ್ರಸಂಗಗಳನ್ನು ಹುಡುಕುವ ಕಷ್ಟವಿಲ್ಲ. ಅವು ತಾವಾಗಿಯೇ ಬಾನೆಟ್ ಎತ್ತಿಕೊಂಡು ಬಂದು ಬಾಗಿಲಲ್ಲಿ ನಿಲ್ಲುತ್ತವೆ.

ಎಂಬತ್ತರ ದಶಕದ ನಡುವಿನ ಮಾತು. ಹಾಸನದಲ್ಲಿ ಆಟೊಮೊಬೈಲ್ ಡಿಪ್ಲೊಮಾ ಮುಗಿಸಿ ಬೊಂಬಾಯಿಯ ಅಂಧೇರಿಯಲ್ಲಿ ಒಂದು ಗ್ಯಾರೇಜಿನಲ್ಲಿ ಸೂಪರ್‌ವೈಸರ್ ಆಗಿದ್ದೆ. ಸೂಪರ್‌ವೈಸರ್ ಎಂದರೆ ಕಾರಿನ ಕೆಳಗೆ ಮಲಗುವವರ ಪೈಕಿ ಇಂಗ್ಲಿಷ್ ಓದಬಲ್ಲವನು. ಕೆಲಸ ಟೆಂಪರರಿ, ಮದುವೆ ಮಾತ್ರ ಪರ್ಮನೆಂಟ್. ಆದರೂ ಹೆಂಡತಿ ಅರಸೀಕೆರೆಯಲ್ಲಿ ತವರಿನಲ್ಲೇ ಇದ್ದಳು. ನಮ್ಮ ಮಾವ ರಿಟೈರ್ಡ್ ಹೆಡ್‌ಮಾಸ್ಟರು. ಕೆಲಸ ಪರ್ಮನೆಂಟೋ ಟೆಂಪರರಿಯೋ ಎಂದು ಮದುವೆಗೆ ಮುಂಚೆ ಕೇಳುವುದನ್ನು ಮರೆತಿದ್ದ ಅವರಿಗೆ ಛತ್ರ ಖಾಲಿ ಮಾಡುವಾಗ ಅದು ನೆನಪಾಯಿತು. ನಾನು ನಿಜ ಹೇಳಿದೆ. ಪರ್ಮನೆಂಟ್ ಆದ ಕಾಗದ ಬರಲಿ, ಆಮೇಲೆ ಮಗಳನ್ನು ಕಳಿಸುತ್ತೇನೆ ಎಂದರು. ಆಗಲೇ ಎಂಟು ತಿಂಗಳಾಗಿತ್ತು. ನನಗೆ ಹೆಂಡತಿಯ ಮುಖಕ್ಕಿಂತ ಅವಳ ಅಕ್ಷರವೇ ಹೆಚ್ಚು ಪರಿಚಯವಾಗಿತ್ತು.

ನಾಲಗೆಯ ಪರೀಕ್ಷೆ

ಗ್ಯಾರೇಜಿನಲ್ಲಿ ರತ್ನಾಗಿರಿ ಕಡೆಯ ಒಬ್ಬ ಹಿರಿಯ ಮಿಸ್ತ್ರಿ, ಅಂದರೆ ಮೆಕ್ಯಾನಿಕ್, ಇದ್ದರು. ಕಾರಿನ ಕೆಳಗೆ ಒದ್ದೆ ಕಂಡರೆ ಬೆರಳು ಅದ್ದಿ, ಹೆಬ್ಬೆರಳಿಗೆ ತಿಕ್ಕಿ, ಮೂಸಿ, ಕೊನೆಗೆ ನಾಲಗೆಯ ತುದಿಗೆ ಮುಟ್ಟಿಸಿ ಉಗಿದು, ಸೋರುತ್ತಿರುವುದು ಏನು ಎಂದು ಹೇಳಿಬಿಡುತ್ತಿದ್ದರು. ರೇಡಿಯೇಟರಿನ ನೀರಿಗೆ ತುಕ್ಕಿನ ರುಚಿ. ಬ್ರೇಕ್ ಆಯಿಲ್ ಕಹಿ. ಬ್ಯಾಟರಿ ನೀರಾದರೆ ಎರಡನೆಯ ಸಲ ನೋಡುವ ಅಗತ್ಯ ಬೀಳುವುದಿಲ್ಲ. ಡಿಪ್ಲೊಮಾದ ಮೂರು ವರ್ಷದಲ್ಲಿ ಯಾರೂ ಹೇಳಿಕೊಡದ ಈ ವಿದ್ಯೆಯನ್ನು ಅವರಿಂದ ಶ್ರದ್ಧೆಯಿಂದ ಕಲಿತೆ.

ಮೊದಲ ಸಲ ಸ್ವತಂತ್ರವಾಗಿ ಪ್ರಯೋಗಿಸಿದ ದಿನ ನನಗೆ ಜೋರು ನೆಗಡಿ. ವಿಲೆ ಪಾರ್ಲೆಯ ಒಬ್ಬ ಪ್ರೊಫೆಸರರ ಕಾರಿನ ಮುಂದಿನ ಚಕ್ರದ ಬಳಿ ಒದ್ದೆಯಾಗಿತ್ತು. ಅವರ ಎದುರಿಗೇ ಬೆರಳು ಅದ್ದಿದೆ, ತಿಕ್ಕಿದೆ, ಮೂಸಿದೆ. ಮೂಗು ಕಟ್ಟಿದ್ದರಿಂದ ಏನೂ ತಿಳಿಯಲಿಲ್ಲ. ನಾಲಗೆಗೆ ಮುಟ್ಟಿಸಿ ಕಣ್ಣು ಮುಚ್ಚಿದೆ. ತುಕ್ಕಿನ ರುಚಿಯಲ್ಲ, ಸ್ವಲ್ಪ ಉಪ್ಪುಪ್ಪು. ನನಗೆ ಗೊತ್ತಿದ್ದ ಯಾವ ಪಟ್ಟಿಯಲ್ಲೂ ಇಲ್ಲದ್ದು. ಇದು ಅಪರೂಪದ ಕೇಸು, ಇಂಜಿನ್ ಬಿಚ್ಚಿ ನೋಡಬೇಕಾಗಬಹುದು ಎಂದೆ.

ಮಿಸ್ತ್ರಿ ದೂರದಿಂದಲೇ ಗೇಟಿನ ಕಡೆ ಕೈ ತೋರಿಸಿದರು. ಅಲ್ಲಿ ನಮ್ಮ ಗ್ಯಾರೇಜಿನ ಕಂದು ನಾಯಿ ಇನ್ನೊಂದು ಕಾರಿನ ಚಕ್ರದ ಬಳಿ ಹಿಂಗಾಲು ಎತ್ತಿ ನಿಂತಿತ್ತು.

ಮನುಷ್ಯರಿಗೆ ತಂಪು

ಇನ್ನು ತಲೆಬರಹದ ಆ ಸೋರುವ ಕಾರಿನ ವಿಚಾರ. ಅದರ ಮಾಲೀಕರು ಭಾಂಡುಪಿನಲ್ಲಿ ಹೋಟೆಲ್ ಇಟ್ಟಿದ್ದ ಉಡುಪಿ ಕಡೆಯವರು. ಎಲ್ಲರೂ ಅವರನ್ನು ಅಣ್ಣ ಎನ್ನುತ್ತಿದ್ದರು. ನಾನೂ ಅದನ್ನೇ ಅಂದೆ. ಡೀಸೆಲ್ ಅಗ್ಗವೆಂದು ಅವರು ಪೆಟ್ರೋಲ್ ಕಾರಿನ ಹೊಟ್ಟೆಗೆ ಹಳೆಯ ವ್ಯಾನಿನ ಡೀಸೆಲ್ ಇಂಜಿನ್ ಕೂರಿಸಿದ್ದರು. ದೇಹ ಒಂದು ಜಾತಿ, ಹೃದಯ ಇನ್ನೊಂದು ಜಾತಿ, ರೇಡಿಯೇಟರ್ ಮೂರನೆಯದು. ಈ ಸಂಸಾರ ಕೂಡಿ ಬಾಳುವುದು ಕಷ್ಟವಿತ್ತು. ನಾಲ್ಕು ಮೈಲಿಗೊಮ್ಮೆ ನೀರು ಕುದಿಯುತ್ತಿತ್ತು.

ಗ್ಯಾರೇಜಿನ ಮಾಲೀಕ ಸೇಠ್‌ಗೂ ಅಣ್ಣನಿಗೂ ಇಪ್ಪತ್ತು ವರ್ಷದ ಸ್ನೇಹ. ಸೇಠ್ ನನ್ನನ್ನು ಕರೆದು, ಈ ಕಾರು ಒಂದು ತಿಂಗಳು ಸೋರದೆ, ಕುದಿಯದೆ ಓಡಿದರೆ ಪರ್ಮನೆಂಟ್ ಲೆಟರ್ ಟೈಪ್ ಮಾಡಿಸುತ್ತೇನೆ, ಇಲ್ಲದಿದ್ದರೆ ಊರಿನ ಟಿಕೆಟ್ ನಾನೇ ತೆಗೆಸುತ್ತೇನೆ ಎಂದರು. ಹೆಂಡತಿ ಬರುವುದು ಈಗ ಒಂದು ರೇಡಿಯೇಟರಿನ ಕೈಯಲ್ಲಿತ್ತು.

ದೊಡ್ಡ ರೇಡಿಯೇಟರ್ ಹಾಕಿ, ಹೋಸ್ ಪೈಪು ಬದಲಿಸಿ ಕಳಿಸಿದೆ. ಮೂರನೆಯ ದಿನ ಕಾರು ಹಗ್ಗ ಕಟ್ಟಿಸಿಕೊಂಡು ಬಂತು. ಮುಚ್ಚಳ ತೆಗೆದರೆ ಒಳಗೆ ಬೆಳ್ಳಗೆ ನೊರೆ, ಗಮ್ಮೆನ್ನುವ ಪಾಯಸದ ವಾಸನೆ. ಪೈಪಿನೊಳಗೆ ಬಿಳಿಯ ಹೋಳುಗಳು ಸಿಕ್ಕಿದವು. ನಾಲಗೆಗೆ ಮುಟ್ಟಿಸಿ ರುಚಿ ನೋಡಿದೆ. ಸಿಹಿಯಾಗಿತ್ತು.

ಪವಾಯಿ ಕೆರೆಯ ಹತ್ತಿರ ಕಾರು ಬಿಸಿಯಾಯಿತಂತೆ. ಸುತ್ತ ಎಲ್ಲೂ ನಲ್ಲಿ ಇಲ್ಲ. ಒಬ್ಬ ಎಳನೀರಿನವನ ಗಾಡಿ ಮಾತ್ರ ಇತ್ತು. ಅಣ್ಣ ಆರು ಎಳನೀರು, ಅವರ ಮಾತಿನಲ್ಲಿ ಬೊಂಡ, ಕೆತ್ತಿಸಿ ರೇಡಿಯೇಟರಿಗೆ ಹೊಯ್ದಿದ್ದರು. ಎಳೆಯ ಗಂಜಿಯೂ ಜೊತೆಗೆ ಹೋಗಿತ್ತು.

"ಕೆರೆಯೇ ಪಕ್ಕದಲ್ಲಿತ್ತಲ್ಲ ಅಣ್ಣಾ?" ಎಂದೆ.

"ಕೆರೆ ನೀರು ಉಷ್ಣ ಮಾರಾಯ್ರೇ, ಇಡೀ ದಿನ ಬಿಸಿಲಿಗೆ ಕಾದದ್ದು. ಬೊಂಡ ತಂಪು," ಎಂದರು. ಜ್ವರ ಬಂದವನಿಗೆ ಕೊಡುವುದನ್ನು ಇಂಜಿನಿಗೆ ಕೊಟ್ಟರೆ ತಪ್ಪೇನು ಎನ್ನುವುದು ಅವರ ವಾದ. ಇಂಜಿನ್ ಪೂರ್ತಿ ತೊಳೆದೆ. ತಿಂಗಳ ಲೆಕ್ಕ ಮತ್ತೆ ಒಂದರಿಂದ ಶುರುವಾಯಿತು.

ಗಾಯಕ್ಕೆ ಮದ್ದು

ಹತ್ತನೆಯ ದಿನ ಅಣ್ಣ ತಾವೇ ನಗುನಗುತ್ತಾ ಬಂದರು. ರೇಡಿಯೇಟರಿನಲ್ಲಿ ಸಣ್ಣ ತೂತು ಬಿದ್ದು ಸೋರುತ್ತಿತ್ತಂತೆ, ಈಗ ನಿಂತಿದೆಯಂತೆ. ನನಗೆ ತೊಂದರೆ ಕೊಡಬಾರದೆಂದು ಹೋಟೆಲಿನ ಅಡುಗೆ ಭಟ್ಟರ ಸಲಹೆ ಪಡೆದಿದ್ದರು. ಗಾಯಕ್ಕೆ ಅರಿಸಿನ ಹಾಕಿದರೆ ಕಟ್ಟಿಕೊಳ್ಳುತ್ತದೆ ಎಂದು ಭಟ್ಟರು ಹೇಳಿದ್ದರು. ಇದು ಸುಳ್ಳಲ್ಲ. ಟ್ಯಾಕ್ಸಿಯವರೂ ರೇಡಿಯೇಟರಿಗೆ ಅರಿಸಿನ ಹಾಕುವುದುಂಟು, ಸಣ್ಣ ತೂತು ಮುಚ್ಚಿಕೊಳ್ಳುವುದೂ ಉಂಟು.

ತೊಡಕು ಇಷ್ಟೇ. ಆ ದಿನ ಹೋಟೆಲಿನಲ್ಲಿ ಬರಿ ಅರಿಸಿನ ಮುಗಿದಿತ್ತು. ಸಾಂಬಾರ್ ಪುಡಿಯಲ್ಲೂ ಅರಿಸಿನ ಇದ್ದೇ ಇರುತ್ತದಲ್ಲ ಎಂದು ಭಟ್ಟರು ಅರ್ಧ ಸೇರು ಸಾಂಬಾರ್ ಪುಡಿ ಸುರಿದಿದ್ದರು. ಸೋರಿಕೆಯೇನೋ ನಿಂತಿತು. ಇಂಜಿನ್ ಕಾದಾಗಲೆಲ್ಲ ಇಂಗಿನ ಸಮೇತ ಒಗ್ಗರಣೆ ಹಾಕಿದ ಹಾಗೆ ವಾಸನೆ ಬರತೊಡಗಿತು.

ಪರೀಕ್ಷೆಗೆಂದು ಕಾರನ್ನು ಸ್ಟೇಷನ್ ರಸ್ತೆಗೆ ಓಡಿಸಿಕೊಂಡು ಹೋದೆ. ಸಿಗ್ನಲಿನಲ್ಲಿ ಟ್ರಾಫಿಕ್ ಹವಾಲ್ದಾರ ಸೀಟಿ ಊದಿ ಕಾರು ಪಕ್ಕಕ್ಕೆ ಹಾಕಿಸಿದ. ಲೈಸೆನ್ಸ್ ತೆಗೆದು ಹಿಡಿದೆ. ಅದನ್ನು ಅವನು ನೋಡಲಿಲ್ಲ. ಕಿಟಕಿಯೊಳಗೆ ತಲೆ ಹಾಕಿ ಒಮ್ಮೆ ಉಸಿರೆಳೆದು, ಪಾರ್ಸೆಲ್ ಯಾವ ಹೋಟೆಲಿನದು ಎಂದು ವಿಚಾರಿಸಿದ.

ಇಡ್ಲಿ ಮತ್ತು ನಂಬಿಕೆ

ಮತ್ತೆ ತೊಳೆದೆ. ತೂತಿಗೆ ಬೆಸುಗೆ ಹಾಕಿಸಿದೆ. ಈಗ ಒಂದು ಹನಿಯೂ ಸೋರುವಂತಿರಲಿಲ್ಲ. ಆದರೂ ದಿನಕ್ಕೆ ಎರಡು ಲೀಟರ್ ನೀರು ಮಾಯವಾಗುತ್ತಿತ್ತು. ಕಾರಿನ ಕೆಳಗೆ ಒಣ ನೆಲ, ಹೊಗೆಯಲ್ಲಿ ನೀರಿಲ್ಲ, ಆಯಿಲಿನಲ್ಲಿ ನೀರಿಲ್ಲ. ನಾಲ್ಕು ದಿನ ನಿದ್ದೆ ಬರಲಿಲ್ಲ. ಕೊನೆಗೆ ಮಿಸ್ತ್ರಿ, ಕಾರನ್ನು ನೋಡಿದ್ದು ಸಾಕು, ಓಡಿಸುವವರನ್ನು ನೋಡು ಎಂದರು.

ಬೆಳಿಗ್ಗೆ ಭಾಂಡುಪಿಗೆ ಹೋಗಿ ಅಣ್ಣನ ಪಕ್ಕದಲ್ಲಿ ಕೂತೆ. ಮೊದಲ ಸಿಗ್ನಲಿನಲ್ಲೇ ಅವರು ಇಳಿದು, ಬಾನೆಟ್ ಎತ್ತಿ, ಹೆಗಲ ಮೇಲಿನ ದಪ್ಪ ಬಟ್ಟೆ ಹಿಡಿದು, ಪಕ್ಕಕ್ಕೆ ಸರಿದು ನಿಂತು, ರೇಡಿಯೇಟರಿನ ಮುಚ್ಚಳ ತಿರುಗಿಸಿದರು. ಆವಿ ಭುಸ್ಸೆಂದು ಆಳೆತ್ತರ ಎದ್ದಿತು. ಮೂವತ್ತು ವರ್ಷ ಹಬೆಯ ಎದುರು ನಿಂತ ಕೈ ಅದು, ಚೂರೂ ಸುಡಲಿಲ್ಲ. ಒಳಗೆ ಬಗ್ಗಿ ನೋಡಿ, ಸಮಾಧಾನವಾಗಿ ಮುಚ್ಚಿ ಬಂದರು. ಅಂಧೇರಿ ಮುಟ್ಟುವುದರೊಳಗೆ ಹೀಗೆ ಏಳು ಸಲ. ಎರಡು ಲೀಟರ್ ಎಲ್ಲಿ ಹೋಗುತ್ತಿತ್ತೆಂದು ಕಣ್ಣಾರೆ ಕಂಡೆ.

"ಅಣ್ಣಾ, ಇಡ್ಲಿ ಬೇಯುವಾಗ ಎಷ್ಟು ಸಲ ಮುಚ್ಚಳ ತೆಗೀತೀರಿ?" ಎಂದು ಕೇಳಿದೆ.

"ತೆಗೀಲಿಕ್ಕೇ ಇಲ್ಲ. ಹಬೆ ಹೋದ್ರೆ ಇಡ್ಲಿ ಕೆಡ್ತದೆ."

"ಮತ್ತೆ ಇದನ್ನ ಯಾಕೆ ತೆಗೀತೀರಿ?"

ಅಣ್ಣ ಹೆಗಲ ಬಟ್ಟೆಯಲ್ಲಿ ಕೈ ಒರೆಸಿಕೊಂಡರು. "ಇಡ್ಲಿ ಮೇಲೆ ನನಗೆ ನಂಬಿಕೆ ಉಂಟು ಮಾರಾಯ್ರೇ," ಎಂದರು. "ನಿಮ್ಮ ಮೇಲೆ ಇರ್ಲಿಲ್ಲ."

ಇಪ್ಪತ್ತೊಂಬತ್ತನೆಯ ದಿನ

ಅಂದಿನಿಂದ ಅಣ್ಣ ಮುಚ್ಚಳ ಮುಟ್ಟಲಿಲ್ಲ, ತಿಂಗಳ ಲೆಕ್ಕ ಮತ್ತೆ ಒಂದರಿಂದ ಶುರುವಾಯಿತು. ಕಾರು ಒಂದು ವಾರ ಓಡಿತು, ಎರಡು ವಾರ ಓಡಿತು. ಇಪ್ಪತ್ತೊಂಬತ್ತನೆಯ ದಿನ ಅವತ್ತಿನ ರೈಲಿಗೆ ಬರುತ್ತೇನೆಂದು ಬರೆದಿದ್ದ ಮಾವನ ಕಾಗದ ತಡವಾಗಿ ಆ ಬೆಳಿಗ್ಗೆಯಷ್ಟೇ ಕೈಸೇರಿತು, ಮಾವ ಮಾತ್ರ ಸರಿಯಾದ ಹೊತ್ತಿಗೆ ಬಂದರು. ಅಳಿಯನ ಕೆಲಸ ಎಂಥದ್ದು ಎಂದು ಕಣ್ಣಾರೆ ನೋಡಿ ಹೋಗಲು ಒಬ್ಬರೇ ಹೊರಟುಬಂದಿದ್ದರು. ವಿಷಯ ತಿಳಿದ ಅಣ್ಣ, ಹೆಣ್ಣು ಕೊಟ್ಟ ಮಾವನನ್ನು ಲೋಕಲ್ ಟ್ರೇನಿನ ನೂಕುನುಗ್ಗಲಲ್ಲಿ ತರುವುದುಂಟೇ ಎಂದು ದಾದರಿಗೆ ಕಾರು ತಂದರು.

ಮಾವನ ಸಾಮಾನುಗಳನ್ನು ಡಿಕ್ಕಿಗೆ ಹಾಕಿ ಹೊರಟೆವು. ಬಾಂದ್ರಾ ದಾಟಿತು, ಕಾರು ಬಿಸಿಯಾಗಲಿಲ್ಲ. ಮಾವ ಮೊದಲು ಗ್ಯಾರೇಜ್ ನೋಡುತ್ತೇನೆ ಎಂದರು. ಬಿಳಿ ಪಂಚೆ, ಕೋಟು, ಟೋಪಿ ಧರಿಸಿ ಅವರು ಇಳಿದಾಗ ಸೇಠ್ ಕುರ್ಚಿ ಬಿಟ್ಟು ಎದ್ದು ಬಂದು ಕೈ ಮುಗಿದರು. ಮುಗಿದ ಕೈ ಹಾಗೇ ಇದ್ದಾಗಲೇ ಅವರ ಕಣ್ಣು ಕಾರಿನ ಹಿಂಬದಿಗೆ ಹೋಯಿತು. ಅಲ್ಲಿ ತೊಟತೊಟ ಎಂದು ಏನೋ ತೊಟ್ಟಿಕ್ಕುತ್ತಿತ್ತು.

"ಫಿರ್ ಸೇ?" ಮತ್ತೆ ಸೋರಿತೇ ಎಂದರು ಸೇಠ್.

ಇನ್ನೊಂದೇ ದಿನ ಉಳಿದಿತ್ತು. ಇದ್ದ ಒಂದೇ ಒಳ್ಳೆಯ ಶರ್ಟಿನಲ್ಲಿ ನೆಲಕ್ಕೆ ಮಲಗಿ ಕಾರಿನ ಕೆಳಗೆ ತೂರಿದೆ. ನೀರಲ್ಲ, ಎಣ್ಣೆ. ಡೀಸೆಲ್ಲಿಗಿಂತ ಮಂದ, ಇಂಜಿನ್ ಆಯಿಲಿಗಿಂತ ತಿಳಿ. ಬ್ರೇಕ್ ಆಯಿಲ್ ಆಗಿದ್ದರೆ ಕೆಲಸದ ಕಥೆ ಹಾಗಿರಲಿ, ಮಾವನನ್ನು ಜೀವಂತ ತಂದದ್ದೇ ಪುಣ್ಯ. ಅದ್ದಿದೆ, ತಿಕ್ಕಿದೆ, ಮೂಸಿದೆ, ನಾಲಗೆಗೆ ಮುಟ್ಟಿಸಿದೆ.

ಆ ರುಚಿ ಗ್ಯಾರೇಜಿನಲ್ಲಿ ಕಲಿತದ್ದಲ್ಲ. ಚಿಕ್ಕಂದಿನಲ್ಲಿ ತಿಂಗಳಿಗೊಮ್ಮೆ ಅಮ್ಮ ಮೂಗು ಹಿಡಿದು ಕುಡಿಸುತ್ತಿದ್ದ ರುಚಿ. ಕೆಳಗಿನಿಂದಲೇ ಹೇಳಿದೆ: "ಕಾರಿನದಲ್ಲ. ಹರಳೆಣ್ಣೆ."

ಡಿಕ್ಕಿ ತೆಗೆದರು. ಬಟ್ಟೆ ಕಟ್ಟಿದ್ದ ದೊಡ್ಡ ಡಬ್ಬ ಮಗ್ಗುಲಾಗಿತ್ತು. ಪಕ್ಕದಲ್ಲಿ ಒಂದು ಚೀಲ ರಾಗಿ ಹಿಟ್ಟು, ಹೊಸ ಕೊಬ್ಬರಿ ತುರಿಯುವ ಮಣೆ, ಎರಡು ಚಾಪೆ. ಅಣ್ಣ ಎಲ್ಲವನ್ನೂ ಒಂದು ಸಲ ನೋಡಿ, ಒಬ್ಬ ಗಂಡಸಿಗೆ ಇಷ್ಟೆಲ್ಲ ಯಾಕೆ ಎಂದು ಮಾವನನ್ನು ಕೇಳಿದರು.

ಮಾವ ಟೋಪಿ ಸರಿಮಾಡಿಕೊಂಡರು. ಬೊಂಬಾಯಿ ಬಹಳ ಉಷ್ಣವಂತೆ, ಮಗಳ ನೆತ್ತಿಗೆ ತಂಪಾಗಿರಲಿ ಎಂದು ಅವಳಮ್ಮ ಕೊಟ್ಟದ್ದು ಎಂದರು. ಅವಳನ್ನು ಹುಣ್ಣಿಮೆ ಕಳೆದ ಮೇಲೆ ಕಳಿಸುವುದೆಂದು ಮನೆಯಲ್ಲಿ ಆಗಲೇ ತೀರ್ಮಾನವಾಗಿತ್ತಂತೆ. ಪರ್ಮನೆಂಟ್ ಕಾಗದದ ಮಾತು ಎತ್ತಿದರೆ ಈಗ ಅವಳಮ್ಮನೇ ಎದುರು ಮಾತಾಡುತ್ತಾಳಂತೆ. ನಾನಿನ್ನೂ ಕಾರಿನ ಕೆಳಗೇ ಮಲಗಿದ್ದೆ. ಹೊರಗೆ ಬರಲು ಸ್ವಲ್ಪ ಹೊತ್ತು ಮಾಡಿದೆ.

ಅಣ್ಣ ಇದನ್ನೆಲ್ಲ ಸೇಠ್‌ಗೆ ಹಿಂದಿಯಲ್ಲಿ ವಿವರಿಸಿದರು. ಸೇಠ್ ಜೋರಾಗಿ ನಕ್ಕು, ಕಾರು ಸೋರಿಲ್ಲ, ಸೋರಿದ್ದು ಮಾವ, ಒಂದು ದಿನ ಮಾಫಿ ಎಂದು ಟೈಪಿಸ್ಟನನ್ನು ಕೂಗಿದರು. ಹತ್ತು ನಿಮಿಷದಲ್ಲಿ ಲೆಟರ್ ನನ್ನ ಎಣ್ಣೆ ಕೈಗೆ ಬಂತು.

ಮಾವ ಅದನ್ನು ಎರಡು ಸಲ ಓದಿ, ಒಂದು ಸ್ಪೆಲ್ಲಿಂಗ್ ತಿದ್ದಿ ವಾಪಸು ಕೊಟ್ಟರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ತಗ್ಗಿದ ದನಿಯಲ್ಲಿ ಹೇಳಿದರು:

"ಅಳಿಯಂದ್ರೇ, ಕೆಲಸ ನೋಡಿದೆ, ಸಂತೋಷ ಆಯ್ತು. ಒಂದೇ ಮಾತು. ನನ್ನ ಮಗಳು ಮೊದಲನೇ ದಿನ ಸಾರು ಬಡಿಸಿದಾಗ ಹೀಗೆ ಬೆರಳಲ್ಲಿ ತಿಕ್ಕಿ ಮೂಸಿ ನೋಡ್ಬೇಡಿ. ಅವಳು ಸಿಟ್ಟಾಗಿ ವಾಪಸ್ ಬಂದ್ಬಿಟ್ರೆ, ನೆತ್ತಿ ತಂಪು ಮಾಡೋಕೆ ನಮ್ಮನೇಲಿ ಈಗ ಹರಳೆಣ್ಣೆನೂ ಇಲ್ಲ."