ಭೋಗಿಯ ದಿನ ಮೂರು ಮಂಗಳ

ಚಂದ್ರಮೋಹನನಿಗೆ ಉಪಾಯ ಹೊಳೆಯುವ ಮುನ್ನ ಮೂಗಿನ ಹೊಳ್ಳೆಗಳು ಅರಳುತ್ತವೆ. ಇದನ್ನು ಕಂಡುಹಿಡಿದವಳು ಅವನ ಹೆಂಡತಿ ಸುನಂದ. ಹೋದ ವರ್ಷ ಹೀಗೆ ಹೊಳ್ಳೆ ಅರಳಿದಾಗ ಅವನು ಬಚ್ಚಲೊಲೆಗೆ ಟೇಬಲ್ ಫ್ಯಾನ್ ಹಿಡಿದಿದ್ದ. ನೀರು ಕಾಯಲಿಲ್ಲ, ಬೂದಿ ಮಾತ್ರ ಹಿತ್ತಲಿನಿಂದ ದೇವರಮನೆಯವರೆಗೆ ದಿಗ್ವಿಜಯ ಮಾಡಿಕೊಂಡು ಬಂದಿತ್ತು. ಆದ್ದರಿಂದ ಆ ಸಂಜೆ ಕಾಫಿ ಲೋಟ ಹಿಡಿದು ಕೂತಿದ್ದ ಗಂಡನ ಹೊಳ್ಳೆಗಳು ಇದ್ದಕ್ಕಿದ್ದಂತೆ ಅರಳಿದ್ದನ್ನು ಕಂಡು ಅವಳು ಕೈಲಿದ್ದ ಕೆಲಸ ಬಿಟ್ಟು ಬಂದಳು.

"ರೀ, ಬೇಡ," ಎಂದಳು.

"ನಾನಿನ್ನೂ ಏನೂ ಹೇಳೇ ಇಲ್ಲ ಕಣೇ."

"ಅದಕ್ಕೇ ಈಗ್ಲೇ ಹೇಳ್ತಿದೀನಿ."

ವಿಷಯ ಹೀಗಿತ್ತು. ವಕ್ಕಲೇರಿಯಲ್ಲಿ ಅವರ ಬೀದಿಯವರು ಧನುರ್ಮಾಸದ ತಿಂಗಳಿಡೀ, ಸೂರ್ಯ ಹುಟ್ಟುವ ಮೊದಲು, ದಿನಕ್ಕೊಬ್ಬರ ಮನೆಯಲ್ಲಿ ಭಜನೆ ಮಾಡುತ್ತಾರೆ. ಸ್ವಾಮಿಯನ್ನು ಎಬ್ಬಿಸುವ ಹಾಡಿನಿಂದ ಶುರುವಾಗಿ ಮಂಗಳದ ಹಾಡಿಗೆ ಮುಗಿಯುವ ಎಂಟು ಹಾಡು, ಆಮೇಲೆ ಬಿಸಿ ಹುಗ್ಗಿ. ಯಾರ ಮನೆಗೆ ಯಾವ ದಿನ ಎಂದು ಗೊತ್ತುಮಾಡುವವರು ದೊಡ್ಡಗಂಗಮ್ಮ. ಎಂಬತ್ತರ ಈ ಅಜ್ಜಿ ಆಂಧ್ರದ ಗಡಿಯ ರಾಯಲ್ಪಾಡಿನಿಂದ ಸೊಸೆಯಾಗಿ ಬಂದು ಅರವತ್ತು ವರ್ಷ ಕಳೆದರೂ ತೆಲುಗು ಬಿಟ್ಟವರಲ್ಲ. ಪ್ರೀತಿಯನ್ನು ಕನ್ನಡದಲ್ಲಿ ತೋರಿಸುತ್ತಾರೆ, ಬೈಗುಳಕ್ಕೆ ತೆಲುಗು ಇಟ್ಟುಕೊಂಡಿದ್ದಾರೆ. ಮೂವತ್ತು ದಿನಗಳಲ್ಲಿ ಕೊನೆಯದಾದ ಭೋಗಿಯ ದಿನಕ್ಕೆ ಇರುವ ಮರ್ಯಾದೆಯೇ ಬೇರೆ. ಆ ಸರದಿ ವರ್ಷವರ್ಷವೂ ಎದುರು ಮನೆಯ ಅಂಜಮ್ಮನಿಗೆ ಹೋಗುತ್ತಿತ್ತು. ಒಂಬತ್ತು ವರ್ಷ ಕಾದ ಮೇಲೆ ಈ ಸಲ ಸುನಂದಳಿಗೆ ಸಿಕ್ಕಿತ್ತು.

"ಒಂದೇ ಒಂದು ಲೋಪ ಆದ್ರೂ ಮುಂದಿನ ವರ್ಷ ವಾಪಸ್ ಅಂಜಮ್ಮಂಗೇ ಕಣಮ್ಮ," ಎಂದು ದೊಡ್ಡಗಂಗಮ್ಮ ಮೊದಲೇ ಎಚ್ಚರಿಸಿದ್ದರು.

ಆ ಲೋಪ ತಾನಾಗಿಯೇ ನಡೆದು ಬರುವಂತೆ ಕಾಣುತ್ತಿತ್ತು. ಇಪ್ಪತ್ತು ವರ್ಷದಿಂದ ಮುಂದೆ ನಿಂತು ಹಾಡುತ್ತಿದ್ದ ಭಾರತಮ್ಮ, ಭೋಗಿಗೆ ಎರಡು ದಿನ ಇರುವಾಗ, ಮಗಳ ಹೆರಿಗೆಗೆಂದು ಮುಳಬಾಗಿಲಿಗೆ ಹೊರಡುವವರಿದ್ದರು. ಭಾರತಮ್ಮ ಒಂದು ಸಾಲು ಹೇಳಿದರೆ ಗೋಷ್ಠಿಯವರು ಹಿಂದೆ ಹೇಳುತ್ತಾರೆ. ಅವರಿಲ್ಲದಿದ್ದರೆ ಮೊದಲ ಸಾಲಿನ ನಂತರ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ.

"ಭಾರತಮ್ಮನೋರ ಎಂಟೂ ಹಾಡನ್ನ ಕಂಪ್ಯೂಟರಿಗೆ ತುಂಬಿಸ್ಬಿಡೋಣ," ಎಂದ ಚಂದ್ರಮೋಹನ. "ಅವರು ಮುಳಬಾಗಿಲಲ್ಲಿರ್ತಾರೆ, ಅವರ ಗಂಟಲು ನಮ್ಮನೇಲಿರುತ್ತೆ."

"ಫೋನಲ್ಲೇ ಹಾಕ್ಬಹುದಲ್ಲ, ಅದಕ್ಯಾಕೆ ಕಂಪ್ಯೂಟರು?"

"ನಡುವೆ ನಿನ್ನ ತಮ್ಮ ಫೋನ್ ಮಾಡ್ತಾನೆ. ಸ್ವಾಮಿ ಮುಂದೆ ಅವನ ರಿಂಗ್‌ಟೋನ್ ಮೊಳಗ್ಬೇಕಾ?"

ಇದನ್ನು ಸುನಂದ ಒಪ್ಪಲೇಬೇಕಾಯಿತು. ಆ ರಿಂಗ್‌ಟೋನು ಅಂಥದೇ.

ಚಂದ್ರಮೋಹನ ಮಾಲೂರಿನ ಒಂದು ಹೆಂಚಿನ ಕಾರ್ಖಾನೆಯ ಆಫೀಸಿನಲ್ಲಿ ಕೆಲಸ ಮಾಡುತ್ತಾನೆ. ಅಲ್ಲಿ ಹೊಸ ಕಂಪ್ಯೂಟರು ಬಂದಾಗ ನಿವೃತ್ತಿ ಪಡೆದ ಹಳೆಯದು ಇವರ ಮನೆಯ ನಡುಮನೆಯಲ್ಲಿ ವಿಶ್ರಾಂತ ಜೀವನ ನಡೆಸುತ್ತಿತ್ತು. ಭಾರತಮ್ಮ ಬಂದು, ಅದರ ಮುಂದೆ ಪದ್ಮಾಸನ ಹಾಕಿ, "ಹ್ಞಂ" ಎಂದು ಗಂಟಲು ಸರಿಮಾಡಿಕೊಂಡು ಎಂಟೂ ಹಾಡನ್ನು ಒಂದೇ ಉಸಿರಿಗೆ ಹಾಡಿ ಹೋದರು. ಆ "ಹ್ಞಂ" ಕೂಡ ಸೇರಿಕೊಂಡಿತ್ತು. ಇನ್ನೊಮ್ಮೆ ಹಾಡಿ ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ.

ತೊಂದರೆ ಶುರುವಾದದ್ದು ಆರನೆಯ ಹಾಡಿನಲ್ಲಿ. ಎರಡನೆಯ ನುಡಿಗೆ ಬರುತ್ತಿದ್ದಂತೆ ಪರದೆ ಬಿಳಿಚಿಕೊಂಡು, ಹಾಡು ನುಡಿಸುವ ಪ್ರೋಗ್ರಾಂ ನಿಂತಲ್ಲೇ ಮೂರ್ಛೆ ಹೋಗುತ್ತಿತ್ತು. ಮತ್ತೆ ತೆರೆದರೆ ನಿಂತ ಕಡೆಯಿಂದ ಹಾಡುತ್ತಿತ್ತು ನಿಜ, ಆದರೆ ತೆರೆಯಲು ಒಬ್ಬರು ಓಡಬೇಕು. ಭಜನೆಯ ನಡುವೆ ಮನೆಯ ಯಜಮಾನ ತಾಳ ಬಿಸಾಕಿ ಓಡುವುದು ಲೋಪವಲ್ಲದೆ ಇನ್ನೇನು?

ಚಂದ್ರಮೋಹನ ಕಾರ್ಖಾನೆಯ ಕದಿರೇಶನಿಗೆ ಫೋನ್ ಮಾಡಿದ. ಅಲ್ಲಿನ ಕಂಪ್ಯೂಟರುಗಳೆಲ್ಲ ಕದಿರೇಶನ ಸುಪರ್ದಿನಲ್ಲಿವೆ.

"ಅದಕ್ಕೊಂದು ಕಾವಲಿನ ಸಾಫ್ಟ್‌ವೇರ್ ಬರುತ್ತೆ ಸಾರ್," ಎಂದ ಕದಿರೇಶ. "ಯಾವ ಪ್ರೋಗ್ರಾಂ ನೋಡ್ಕೋಬೇಕು ಅಂತ ಒಂದ್ಸಲ ಹೇಳ್ಬಿಟ್ರೆ ಆಯ್ತು. ಅದು ಬಿದ್ರೆ ಐದು ಸೆಕೆಂಡಲ್ಲಿ ಎಬ್ಬಿಸಿ ನಿಲ್ಲಿಸುತ್ತೆ. ಕಳಿಸ್ತೀನಿ, ಹಾಕ್ಕೊಳಿ. ನಡುವೆ ಕೆಲವು ಪ್ರಶ್ನೆ ಕೇಳುತ್ತೆ, ಓದ್ಕೊಂಡು ಟಿಕ್ ಹಾಕಿ."

ಆ ಪುನರುಜ್ಜೀವನ ಯಂತ್ರ ಮನೆಗೆ ಬಂತು. ಪ್ರಶ್ನೆಗಳನ್ನೂ ಕೇಳಿತು. ಪ್ರೋಗ್ರಾಂ ತಾನಾಗಿ ಬಿದ್ದರೆ ಎಬ್ಬಿಸಲೇ? ಕೆಲಸ ಮುಗಿಸಿ ಮುಚ್ಚಿಕೊಂಡರೂ ಎಬ್ಬಿಸಲೇ? ಯಾರಾದರೂ ಕೈಯಾರೆ ಮುಚ್ಚಿದರೂ ಎಬ್ಬಿಸಲೇ? ಎಷ್ಟು ಸಲ ಎಬ್ಬಿಸಲಿ, ಎಣಿಕೆಯಿಲ್ಲದಷ್ಟೇ? ಇಷ್ಟು ವಿನಯದಿಂದ ಕೇಳುವ ಸೇವಕನಿಗೆ ಇಲ್ಲ ಎನ್ನುವುದು ಚಂದ್ರಮೋಹನನಿಗೆ ಸರಿಕಾಣಲಿಲ್ಲ. ಎಲ್ಲಕ್ಕೂ ಟಿಕ್ ಹಾಕಿದ.

ಪರೀಕ್ಷೆ ನಡೆಯಿತು. ಆರನೆಯ ಹಾಡಿನಲ್ಲಿ ಪ್ರೋಗ್ರಾಂ ಬಿತ್ತು. ಒಂದು, ಎರಡು, ಮೂರು, ನಾಲ್ಕು, ಐದು ಎಣಿಸುವುದರೊಳಗೆ ಎದ್ದು, ಬಿಟ್ಟ ಪದದಿಂದಲೇ ಹಾಡಿತು. ಏಳನೆಯದೂ ಮುಗಿಯಿತು. ಎಂಟನೆಯದು ಶುರುವಾಗುತ್ತಲೂ ಸುನಂದ ಅಡುಗೆಮನೆಯಿಂದ ಓಡಿಬಂದು ಸ್ಪೀಕರಿನ ಮೇಲೆ ಎರಡೂ ಕೈ ಇಟ್ಟಳು.

"ಇದು ಮಂಗಳ. ನಿಲ್ಲಿಸ್ರೀ."

"ಪೂರ್ತಿ ಪರೀಕ್ಷೆ ಮಾಡ್ಬೇಡ್ವಾ?"

"ಪೂಜೆ ಇಲ್ಲ, ಆರತಿ ಇಲ್ಲ, ಸುಮ್‌ಸುಮ್ನೆ ಮಂಗಳ ಹೇಳ್ತಾರಾ ಯಾರಾದ್ರೂ? ಹಬ್ಬದ ಮುಂದೆ ಅಪಶಕುನ."

ಚಂದ್ರಮೋಹನ ನಿಲ್ಲಿಸಿದ. ಮತ್ತೆಲ್ಲಿ ಹಾಡೀತೋ ಎಂದು ಸುನಂದಳೇ ಇಡೀ ಕಂಪ್ಯೂಟರನ್ನು ಗೋಡೆಯ ಸ್ವಿಚ್ಚಿನಲ್ಲಿ ಆರಿಸಿದಳು. ಹೀಗೆ ನಾಲ್ಕು ದಿನ ನಾಲ್ಕು ಸಲ ಪರೀಕ್ಷೆಯಾಯಿತು. ನಾಲ್ಕು ಸಲವೂ ಮಂಗಳದ ಹೊಸ್ತಿಲಿನಲ್ಲಿ ನಿಂತಿತು.

ಭೋಗಿಯ ದಿನ ಬೆಳಗಿನ ಐದೂವರೆಗೆ ನಡುಮನೆ ತುಂಬಿತ್ತು. ಶಾಲು, ಮಫ್ಲರು, ಸ್ವೆಟರುಗಳ ನಡುವೆ ಅಲ್ಲಲ್ಲಿ ಮುಖಗಳು ಕಾಣುತ್ತಿದ್ದವು. ದೊಡ್ಡಗಂಗಮ್ಮ ಸ್ವಾಮಿಯ ಪಟದ ಮುಂದೆ ಕೂತರು. ಅಂಜಮ್ಮ ಲೋಪ ಚೆನ್ನಾಗಿ ಕಾಣಿಸುವ ಜಾಗ ನೋಡಿಕೊಂಡು ಕೂತಳು. ಪಕ್ಕದ ಮನೆಯ ಪೆದ್ದಪ್ಪ ಬರುವಾಗಲೇ ದೊನ್ನೆ ತಂದಿದ್ದ.

"ಹ್ಞಂ," ಎಂದಿತು ಕಂಪ್ಯೂಟರು. ಎಲ್ಲರೂ ಅಭ್ಯಾಸಬಲದಿಂದ ನೆಟ್ಟಗೆ ಕೂತರು.

ಐದು ಹಾಡು ಹೂವಿನಂತೆ ಸಾಗಿದವು. ಆರನೆಯದರಲ್ಲಿ ಭಾರತಮ್ಮ ತಟ್ಟನೆ ನಿಂತಾಗ ಅಂಜಮ್ಮನ ಕತ್ತು ಮುಂದಕ್ಕೆ ಬಂತು. ಐದು ಸೆಕೆಂಡಿಗೆ ಹಾಡು ಮರಳಿದಾಗ ಹಿಂದಕ್ಕೆ ಹೋಯಿತು. ಚಂದ್ರಮೋಹನ ತಾಳ ತಟ್ಟುತ್ತಲೇ ಹೆಂಡತಿಯ ಕಡೆ ನೋಡಿದ. ಒಂಬತ್ತು ವರ್ಷದ ದಾಂಪತ್ಯದಲ್ಲಿ ಮೊದಲ ಸಲ ಅವಳು ಅವನ ಹೊಳ್ಳೆಗಳನ್ನು ಮೆಚ್ಚಿಗೆಯಿಂದ ನೋಡುತ್ತಿದ್ದಳು.

ಮಂಗಳವಾಯಿತು. ಆರತಿಯಾಯಿತು. ಎಲ್ಲರೂ ಅಡ್ಡಬಿದ್ದು ಎದ್ದರು. ಸುನಂದ ಹುಗ್ಗಿಯ ತಪ್ಪಲೆ ತಂದು, ತುಪ್ಪ ಹರಿಯುವ ಮೊದಲ ಸೌಟನ್ನು ಎತ್ತಿ ಪೆದ್ದಪ್ಪನ ದೊನ್ನೆಯ ಮೇಲೆ ಹಿಡಿದಳು.

"ಹ್ಞಂ," ಎಂದಿತು ಕಂಪ್ಯೂಟರು. ಎಬ್ಬಿಸುವ ಹಾಡು ಶುರುವಾಯಿತು.

ಸೌಟು ಗಾಳಿಯಲ್ಲೇ ನಿಂತಿತು. ಚಂದ್ರಮೋಹನ ಸ್ಪೀಕರಿನ ಕಡೆ ಹಾರಿದ.

"ಏಯ್, ಆಗು," ಎಂದರು ದೊಡ್ಡಗಂಗಮ್ಮ. ಅವರು ತೆಲುಗಿನಲ್ಲಿ ನಿಲ್ಲು ಎಂದರೆ ಎತ್ತೂ ನಿಲ್ಲುತ್ತದೆ. "ಸ್ವಾಮೀನ ಅರ್ಧ ಎಬ್ಬಿಸಿ ಬಿಟ್ಬಿಡ್ತೀಯೇನಪ್ಪಾ? ಎಬ್ಬಿಸಿದ ಮೇಲೆ ಮಂಗಳದವರೆಗೂ ಹೇಳ್ಬೇಕು. ಕೂತ್ಕೋ."

ಕೂತ. ಎಲ್ಲರೂ ಕೂತರು. ಸೌಟು ತಪ್ಪಲೆಗೆ ಮರಳಿತು. ಪೆದ್ದಪ್ಪ ಅದು ಹೋಗುವುದನ್ನು ಬಸ್ಸು ತಪ್ಪಿದವನಂತೆ ನೋಡಿದ.

ಇಪ್ಪತ್ತೈದು ನಿಮಿಷದ ಮೇಲೆ ಎರಡನೆಯ ಮಂಗಳ. ಈ ಸಲ ಚಂದ್ರಮೋಹನ ಆರತಿಗೆ ಒಂದು ಕೈ ಕೊಟ್ಟು, ಇನ್ನೊಂದು ಕೈಯಲ್ಲಿ ಇಲಿಯನ್ನು ಹಿಡಿದು (ಕಂಪ್ಯೂಟರಿನ ಇಲಿಯನ್ನು) ಸಿದ್ಧನಾಗಿದ್ದ. ಹಾಡು ಮುಗಿಯಿತು, ಪ್ರೋಗ್ರಾಂ ಮುಚ್ಚಿಕೊಂಡಿತು, ಮತ್ತೆ ತೆರೆಯಿತು. ಅವನು ಮುಚ್ಚಿದ. ತೆರೆಯಿತು. ಮುಚ್ಚಿದ. ತೆರೆಯಿತು. "ಹ್ಞಂ. ಹ್ಞಂ. ಹ್ಞಂ," ಎಂದು ಭಾರತಮ್ಮ ಮುಳಬಾಗಿಲಿನಿಂದ ಹಟ ಹಿಡಿದರು. ಸುನಂದ ಗೋಡೆಯ ಸ್ವಿಚ್ಚು ಆರಿಸಿದಳು. ಆದರೆ ಹಬ್ಬದ ದಿನ ಕರೆಂಟು ಕೈಕೊಟ್ಟೀತೆಂದು ಚಂದ್ರಮೋಹನ ಹಿಂದಿನ ಸಂಜೆಯಷ್ಟೇ, ಯಾರಿಗೂ ಹೇಳದೆ, ಕಾರ್ಖಾನೆಯಿಂದ ಬ್ಯಾಟರಿ ಪೆಟ್ಟಿಗೆಯೊಂದನ್ನು ತಂದು ಕಂಪ್ಯೂಟರಿಗೂ ಸ್ಪೀಕರಿಗೂ ಜೋಡಿಸಿದ್ದ. ಅದು "ಕೀಂ" ಎಂದು ಭಾರತಮ್ಮನಿಗೆ ಶ್ರುತಿ ಹಿಡಿಯಿತು.

ಎಬ್ಬಿಸುವ ಹಾಡು ಮೂರನೆಯ ಸಲ ಶುರುವಾಯಿತು.

"ರೀ," ಎಂದಳು ಸುನಂದ, ಕಣ್ಣಲ್ಲಿ ನೀರು ತುಂಬಿಕೊಂಡು, ಹಲ್ಲು ಕಚ್ಚಿಕೊಂಡು. "ಹಿತ್ತಲಿಗೆ ಹೋಗಿ, ಆ ಕದಿರೇಶಂಗೆ ಫೋನ್ ಮಾಡಿ. ಇದನ್ನ ನಿಲ್ಲಿಸೋದು ಹೇಗೆ ಅಂತ ತಿಳ್ಕೊಳ್ದೆ ಒಳಗೆ ಬರ್ಬೇಡಿ."

ಹಿತ್ತಲಿನಲ್ಲಿ ಮಂಜು ಸುರಿಯುತ್ತಿತ್ತು. ಕದಿರೇಶ ಹತ್ತನೆಯ ಕರೆಗೆ ಎದ್ದ.

"ಎಲ್ಲಕ್ಕೂ ಟಿಕ್ ಹಾಕಿದ್ರಾ ಸಾರ್?" ಎಂದು ಕೇಳಿದ. ಆಮೇಲೆ, "ಹಾಡನ್ನ ಮುಟ್ಬೇಡಿ. ಮೊದ್ಲು ಕಾವಲುಗಾರನ್ನ ಮಲಗಿಸಿ. ಅವನು ಮಲಗಿದ್ರೆ ಹಾಡು ಮುಗಿದ್ಮೇಲೆ ತಾನಾಗಿ ಸುಮ್ನಾಗುತ್ತೆ," ಎಂದು ಎಲ್ಲೆಲ್ಲಿ ಒತ್ತಬೇಕೆಂದು ಹೇಳಿಕೊಟ್ಟ.

ಆರನೆಯ ಹಾಡು ಎಂದಿನಂತೆ ಬಿದ್ದು ಎದ್ದ ಮೇಲೆ ಚಂದ್ರಮೋಹನ ಬಗ್ಗಿಕೊಂಡು ಒಳಗೆ ಬಂದು ಕಾವಲುಗಾರನನ್ನು ಮಲಗಿಸಿದ. ಮೂರನೆಯ ಮಂಗಳ ಮುಗಿಯಿತು. ಇಡೀ ನಡುಮನೆ ಉಸಿರು ಬಿಗಿಹಿಡಿದು ಐದು ಎಣಿಸಿತು. ಆರು. ಏಳು. ಬಾಗಿಲಿನಲ್ಲಿ ಮೊದಲ ಬಿಸಿಲು ಬಿತ್ತು. ಪೆದ್ದಪ್ಪ ಕಣ್ಣು ಮುಚ್ಚಿಕೊಂಡು ದೊನ್ನೆ ಚಾಚಿದ.

ಹುಗ್ಗಿ ಆರಿ ಹೆಂಚಿನಂತಾಗಿತ್ತು. ಸೌಟಿಗೆ ಬಗ್ಗಲಿಲ್ಲ, ಸುನಂದ ಚಾಕುವಿನಲ್ಲಿ ಕತ್ತರಿಸಿದಳು. ಒಂದೂವರೆ ಗಂಟೆ ಚಳಿಯಲ್ಲಿ ಹಾಡಿದವರು ಅದನ್ನು ತಿಂದ ರಭಸ ನೋಡಬೇಕಿತ್ತು. ಅಂಜಮ್ಮನೇ ಮೂರು ಸಲ ಹಾಕಿಸಿಕೊಂಡಳು, ಪ್ರತಿ ಸಲವೂ ಹುಗ್ಗಿ ಸರಿಯಿಲ್ಲ ಎಂದು ಹೇಳಿ.

ಸುನಂದ ಮಾತ್ರ ತಲೆ ಎತ್ತಲಿಲ್ಲ. ಅದನ್ನು ನೋಡಲಾಗದೆ ಚಂದ್ರಮೋಹನ, ಮೆಟ್ಟಿಲಿಳಿಯುತ್ತಿದ್ದ ದೊಡ್ಡಗಂಗಮ್ಮನ ಹಿಂದೆ ಹೋಗಿ ಕೈಮುಗಿದ.

"ಅಜ್ಜಿ, ತಪ್ಪೆಲ್ಲ ನಂದು. ಅದೇನೋ ಹಾಕೋಕ್ಹೋಗಿ ಏನೋ ಆಯ್ತು. ಸುನಂದ ಏನೂ ಮಾಡಿಲ್ಲ. ಅವಳ ಸರದಿ ಕಿತ್ಕೋಬೇಡಿ."

"ಯಂತ್ರ ಕೆಟ್ಟಿದೆ ಅಂತ ನಂಗೊತ್ತಾಗಲ್ವೇನಪ್ಪಾ?" ಎಂದರು ದೊಡ್ಡಗಂಗಮ್ಮ, ಚಪ್ಪಲಿಯನ್ನು ಕಾಲಿನಿಂದ ಹುಡುಕುತ್ತ. "ಇಪ್ಪತ್ತು ವರ್ಷದಿಂದ ಆ ಭಾರತಿ ನನ್ನ ಬಾಯಿ ತೆಗೆಯೋಕೆ ಬಿಟ್ಟಿಲ್ಲ. ಸ್ವಲ್ಪ ದನಿ ಏರಿಸಿದ್ರೆ ತಿರುಗಿ ನೋಡ್ತಾಳೆ. ಇವತ್ತು ಮೊದಲ್ನೇ ಸಲಕ್ಕೆ ಮೆಲ್ಲಗೆ ಹೇಳ್ದೆ. ತಿರುಗಲಿಲ್ಲ. ಎರಡನೇ ಸಲ ಸ್ವಲ್ಪ ಜೋರಾಗಿ. ಮೂರನೇ ಸಲ ಅವಳಿಗಿಂತ ಮೇಲೆ ಹೇಳಿದ್ದೀನಿ, ಸ್ವಾಮಿ ಕೇಳಿದಾನೆ." ಅವರ ಕಣ್ಣುಗಳು ಮಿನುಗಿದವು. "ಮುಂದಿನ ವರ್ಷವೂ ಭೋಗಿ ನಿಮ್ಮನೇಲೇ. ಇದೇ ಯಂತ್ರ, ಮೂರು ಸುತ್ತು. ರಿಪೇರಿ ಗಿಪೇರಿ ಮಾಡಿಸಿದ್ಯೋ, ಅಂಜಮ್ಮಂಗೆ ಕೊಟ್ಬಿಡ್ತೀನಿ."

ಚಂದ್ರಮೋಹನ ಒಳಗೆ ಬಂದು ಹೇಳಿದಾಗ ಸುನಂದ ಅಳುತ್ತಲೇ ನಗಲು ಶುರುಮಾಡಿ, ನಗು ನಿಲ್ಲಿಸಲಾಗದೆ ಖಾಲಿ ತಪ್ಪಲೆಯ ಪಕ್ಕದಲ್ಲಿ ಕೂತುಬಿಟ್ಟಳು. ಅಷ್ಟರಲ್ಲಿ ಕದಿರೇಶನ ಫೋನು ಬಂತು.

"ಸಾರ್, ನಂದೇ ತಪ್ಪು, ಸರಿಯಾಗಿ ಹೇಳ್ಕೊಡಲಿಲ್ಲ. ಭಾನುವಾರ ಬಂದು ಎಲ್ಲ ಸರಿ ಮಾಡಿಕೊಡ್ತೀನಿ. ಆರನೇ ಹಾಡೂ ಬೀಳಲ್ಲ."

"ಬೇಡ ಕಣೋ, ಬರ್ಬೇಡ," ಎಂದ ಚಂದ್ರಮೋಹನ ಗಾಬರಿಯಿಂದ. ಆಮೇಲೆ ದನಿ ತಗ್ಗಿಸಿ ಕೇಳಿದ: "ಅಕಸ್ಮಾತ್ ಅದೇ ಸರಿಹೋಗ್ಬಿಟ್ರೆ, ಮತ್ತೆ ಹೀಗೇ ಕೆಡಿಸೋದು ಹೇಗೆ ಅಂತ ಸ್ವಲ್ಪ ಹೇಳ್ಕೊಡ್ತೀಯಾ?"



"ಅದಕ್ಕೆ ನಾನ್ಯಾಕೆ ಸಾರ್?" ಎಂದ ಕದಿರೇಶ, ಬಹಳ ಗೌರವದಿಂದ. "ಅದು ನಿಮಗೇ ಬರುತ್ತಲ್ಲ."