ಒಂದು ಬುಟ್ಟಿ ಮೀನು, ಎರಡು ಖಾತೆ

ಬನ್ನಂಜೆಯಲ್ಲಿ ತೆರಿಗೆ ಸಲಹೆಯ ಆಫೀಸು ತೆರೆದು ಇಪ್ಪತ್ತೆರಡು ವರ್ಷವಾಯಿತು. ಒಬ್ಬರೇ ನಿಂತು ವ್ಯಾಪಾರ ಮಾಡುವವರಿಗೆ ಅಷ್ಟೂ ವರ್ಷ ನಾನು ಹೇಳಿದ್ದು ಒಂದೇ ಮಾತು: ಮನೆಯ ಖಾತೆ ಬೇರೆ, ವ್ಯಾಪಾರದ ಖಾತೆ ಬೇರೆ. ಎಲ್ಲರೂ ತಲೆಯಾಡಿಸುತ್ತಾರೆ. ಮುಂದಿನ ವರ್ಷ ನೋಡಿದರೆ ಮಗಳ ಕಾಲೇಜು ಫೀಸು ಅಂಗಡಿಯ ಖಾತೆಯಿಂದ ಹೋಗಿರುತ್ತದೆ, ಅಂಗಡಿಯ ಬಾಡಿಗೆ ಹೆಂಡತಿಯ ಖಾತೆಯಿಂದ. ನನ್ನ ಮಾತನ್ನು ಚಾಚೂ ತಪ್ಪದೆ ಪಾಲಿಸಿದವರು ಒಬ್ಬರೇ. ನನ್ನ ಮಾನ ಹೋದದ್ದೂ ಅವರ ಎದುರಿಗೇ.

ಅವರು ಕಾಪುವಿನಲ್ಲಿ ನಮ್ಮ ಮನೆಯ ಹತ್ತಿರ ರಸ್ತೆ ಬದಿಯಲ್ಲಿ ಮೀನು ಮಾರುವ ಅಕ್ಕ. ಬೆಳಿಗ್ಗೆ ಅಲ್ಲಿ, ಆಮೇಲೆ ಬುಟ್ಟಿ ಹೊತ್ತು ಬಸ್ಸಿನಲ್ಲಿ ಕಾರ್ಕಳಕ್ಕೆ. ಮೊಣಕಾಲು ನೋವು ಒಂದು ಕಡೆ, ಕಂಡಕ್ಟರನ ಗೊಣಗಾಟ ಇನ್ನೊಂದು ಕಡೆ. ಐಸ್ ಪೆಟ್ಟಿಗೆಯ ಸಣ್ಣ ಟೆಂಪೋ ಒಂದಿದ್ದರೆ ಕಾರ್ಕಳ ದಾಟಿ ಬಜಗೋಳಿಯವರೆಗೂ ಹೋಗಿ ಮಾರಬಹುದು, ಓಡಿಸಲು ಅಳಿಯ ಇದ್ದಾನೆ. ಸಾಲ ಕೇಳಿದರೆ ಬ್ಯಾಂಕಿನವರು, ವ್ಯಾಪಾರಕ್ಕೆಂದೇ ಒಂದು ಖಾತೆ ಮಾಡಿ, ಒಂದು ವರ್ಷ ಅದರಲ್ಲಿ ಬೇರೇನೂ ಬೆರೆಸದೆ ನಡೆಸಿ, ಆಮೇಲೆ ಬನ್ನಿ ಎಂದರು. ಆ ವರ್ಷದ ಉಸ್ತುವಾರಿ ನಾನು ವಹಿಸಿಕೊಂಡೆ. ಪ್ರತಿ ಭಾನುವಾರ ನಾನು ಮೀನು ಕೊಳ್ಳುವುದು ಅವರಲ್ಲೇ. ತಿಂಗಳ ಮೊದಲ ಭಾನುವಾರ ಹೋದಾಗ, ಬುಟ್ಟಿ ನೋಡುವ ಮೊದಲೇ "ಫೋನ್ ತೋರಿಸಿ" ಎನ್ನುತ್ತಿದ್ದೆ.

ಬೋಣಿ

ಮೊದಲ ತಿಂಗಳ ತಪಾಸಣೆಯಲ್ಲೇ ಸಿಕ್ಕಿಬಿದ್ದರು. ದಿನಾ ಬೆಳಿಗ್ಗೆ ಒಬ್ಬ ಗಿರಾಕಿಯ ಹಣ ಮಾತ್ರ ಮನೆಯ ಖಾತೆಗೆ ಹೋಗಿತ್ತು. ಕೇಳಿದಾಗ ಕ್ಯೂಆರ್ ಕೋಡಿನ ರಟ್ಟನ್ನು ತಿರುಗಿಸಿ ತೋರಿಸಿದರು. ಮುಂದೆ ವ್ಯಾಪಾರದ್ದು, ಹಿಂದೆ ಮನೆಯದ್ದು. ಬೋಣಿಯ ದುಡ್ಡನ್ನು ಅವರ ತಾಯಿಯ ಕಾಲದಿಂದಲೂ ದೇವರ ಮುಂದೆ ಇಡುವುದಂತೆ. ಅದಕ್ಕೇ ಮೊದಲ ಗಿರಾಕಿಗೆ ಹಿಂಬದಿ.

ಮಾರಿದ್ದೆಲ್ಲ ವ್ಯಾಪಾರದ ಖಾತೆಗೇ ಬರಬೇಕು, ದೇವರಿಗೂ ವಿನಾಯಿತಿ ಇಲ್ಲ ಎಂದೆ. ಅವರು ಒಪ್ಪಿದರು. ಈಗ ಸಂಜೆ ಮನೆಗೆ ಹೋಗಿ, ಕೈಕಾಲು ತೊಳೆದು, ಆ ದಿನದ ಮೊದಲ ಜಮೆಯನ್ನು ತೆರೆದು ಫೋನನ್ನೇ ದೇವರ ಮುಂದೆ ಇಡುತ್ತಾರೆ. ಬ್ಯಾಂಕಿಗಿಂತ ಮೊದಲು ಸ್ಟೇಟ್‌ಮೆಂಟ್ ನೋಡುವವನು ದೇವರು.

ಇಬ್ಬರ ಚೌಕಾಸಿ

ಮನೆಗೆ ಒಯ್ಯುವ ಮೀನಿಗೂ ದುಡ್ಡು ಕೊಡಬೇಕು, ಮನೆಯ ಖಾತೆಯಿಂದ ವ್ಯಾಪಾರದ ಖಾತೆಗೆ ಹಾಕಬೇಕು ಎಂದು ಹೇಳಿದ್ದೆ. ನಿಜ ಹೇಳಬೇಕೆಂದರೆ, ಅಷ್ಟು ಕಟ್ಟುನಿಟ್ಟು ಯಾರೂ ಮಾಡುವುದಿಲ್ಲ. ಹೇಳಿದರೆ ಅರ್ಧವಾದರೂ ಮಾಡಲಿ ಎಂದು ಹೇಳಿದ್ದು.

ಒಂದು ಭಾನುವಾರ ನಾನು ಹೋದಾಗ ಅಕ್ಕ ಎಂಟು ಬಂಗುಡೆ ಪಕ್ಕಕ್ಕಿಟ್ಟುಕೊಂಡು ಒಬ್ಬರೇ ಮಾತಾಡುತ್ತಿದ್ದರು. ನೂರೈವತ್ತು ಎನ್ನುವುದು, ಮುಖ ತಿರುಗಿಸಿ ನೂರಮೂವತ್ತು ಎನ್ನುವುದು.

"ಎಂತ ಅಕ್ಕ ಇದು?"

"ಮನೆಯವಳು ಕಡಿಮೆಗೆ ಕೇಳ್ತಾಳೆ ಸರ್, ವ್ಯಾಪಾರದವಳು ಬಿಡುವುದಿಲ್ಲ."

ನೂರನಲವತ್ತಕ್ಕೆ ಇತ್ಯರ್ಥವಾಯಿತು. ಫೋನಿನಲ್ಲಿ ಹಣ ಹಾಕಿ, ಬಂದದ್ದನ್ನು ಖಚಿತ ಮಾಡಿಕೊಂಡು, ಚೀಲಕ್ಕೆ ಇನ್ನೊಂದು ಬಂಗುಡೆ ಸೇರಿಸಿದರು. ಅದು ಯಾವ ಲೆಕ್ಕ ಎಂದೆ.

"ದಿನಾ ಬರುವ ಗಿರಾಕಿ ಅಲ್ವಾ ಸರ್."

ಸಂಬಳ

ಬೇಕೆಂದಾಗೆಲ್ಲ ವ್ಯಾಪಾರದಿಂದ ಹಣ ತೆಗೆಯಬೇಡಿ, ತಿಂಗಳಿಗೊಮ್ಮೆ ಇಂತಿಷ್ಟು ಎಂದು ನಿಮಗೆ ನೀವೇ ಸಂಬಳ ಕೊಟ್ಟುಕೊಳ್ಳಿ ಎಂದಿದ್ದೆ. ಕೊಟ್ಟುಕೊಂಡರು. ಮಳೆಗಾಲದಲ್ಲಿ ದೊಡ್ಡ ಬೋಟುಗಳು ಕಡಲಿಗೆ ಇಳಿಯದ ಎರಡು ತಿಂಗಳು ನೋಡಿದರೆ ಸಂಬಳ ಅರ್ಧವೇ ಹೋಗಿದೆ. ಖಾತೆಯಲ್ಲಿ ಹಣ ಉಂಟಲ್ಲ, ಪೂರ್ತಿ ಯಾಕೆ ತೆಗೆಯಲಿಲ್ಲ ಎಂದು ಕೇಳಿದೆ.

"ಅರ್ಧ ದಿನ ಕೆಲಸ ಮಾಡಿದವಳಿಗೆ ಪೂರ್ತಿ ಸಂಬಳ ಕೊಡಲಿಕ್ಕೆ ಇದೇನು ಸರಕಾರಿ ಆಫೀಸಾ?"

ಮಣಿಪಾಲದಲ್ಲಿ ಕಾಲೇಜು ಕಲಿತ ನನ್ನ ಎಷ್ಟೋ ಕಕ್ಷಿದಾರರು ನಷ್ಟದ ವರ್ಷದಲ್ಲೇ ಕಾರು ಬದಲಾಯಿಸಿದ್ದನ್ನು ಕಂಡವನು ನಾನು. ಎರಡು ಕೇಜಿ ಬೂತಾಯಿ ಮೀನು ಕೊಂಡು ಮನೆಗೆ ಬಂದೆ.

ಮ್ಯಾನೇಜರರ ಪ್ರಶ್ನೆ

ವರ್ಷ ತುಂಬಿತು. ಒಂದು ಕಲೆಯೂ ಇಲ್ಲದ ಸ್ಟೇಟ್‌ಮೆಂಟ್ ಹಿಡಿದು ನಾವಿಬ್ಬರೂ ಬ್ಯಾಂಕಿಗೆ ಹೋದೆವು. ಅಕ್ಕ ಮದುವೆಗೆ ಉಡುವ ಸೀರೆ ಉಟ್ಟಿದ್ದರು. ನನಗೂ ಒಳಗೊಳಗೇ ಹೆಮ್ಮೆ. ಮ್ಯಾನೇಜರರು ಹಾಳೆ ತಿರುವುತ್ತಾ ಹೋದವರು ಒಂದು ಕಡೆ ನಿಂತರು. ಪೆನ್ನು ತೆಗೆದು ಗುರುತು ಹಾಕಿದರು. ಮುಂದಿನ ಪುಟದಲ್ಲೂ ಹಾಕಿದರು. ಸುಮಾರು ಐವತ್ತು ಗುರುತು ಆದ ಮೇಲೆ ತಲೆಯೆತ್ತಿ ನನ್ನನ್ನು ನೋಡಿದರು.

"ಪ್ರತಿ ಭಾನುವಾರ ಇವರಿಗೆ ನಿಮ್ಮ ಆಫೀಸಿನ ಖಾತೆಯಿಂದ ಹಣ ಬಂದಿದೆ. ವ್ಯಾಪಾರ ದೊಡ್ಡದಾಗಿ ಕಾಣಲಿ ಎಂದು ನೀವೇ ಹಾಕಿದ್ದಾ?"

ಅಕ್ಕನ ಮುಖ ಬಾಡಿತು. ಒಂದು ವರ್ಷದ ಶಿಸ್ತು, ಟೆಂಪೋ, ಬಜಗೋಳಿ, ಎಲ್ಲವೂ ಆ ಪೆನ್ನಿನ ತುದಿಗೆ ಬಂದು ನಿಂತಿತ್ತು. ನಾನು ಫೋನ್ ತೆರೆದು ನೋಡಿದೆ. ಕಳೆದ ವರ್ಷ ಹೊಸ ಫೋನ್ ಕೊಂಡಾಗ ಹಣ ಕಳಿಸುವ ಆ್ಯಪಿನಲ್ಲಿ ಆಫೀಸಿನ ಖಾತೆ ಮೊದಲು ಬಂದು ಕೂತಿದೆ. ನಾನು ನೋಡಲೇ ಇಲ್ಲ; ಅಕ್ಕನ ಫೋನ್ ತಪಾಸಣೆ ಮಾಡುವಾಗಲೂ ನಾನೇ ಹಾಕಿದ ಹಣದ ಸಾಲುಗಳನ್ನು ದಾಟಿ ಹೋಗುತ್ತಿದ್ದೆ. ಊರವರ ಲೆಕ್ಕವೆಲ್ಲ ಮುಗಿದ ಮೇಲೆ ನನ್ನದನ್ನು ನೋಡುವುದು ನನ್ನ ಪದ್ಧತಿ. ಒಂದು ವರ್ಷ ನನ್ನ ಆಫೀಸು ಮೀನು ತಿಂದಿತ್ತು.

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮ್ಯಾನೇಜರರು ನಗಲಿಲ್ಲ. ಬರೆದು ಕೊಡಿ ಎಂದರು. ಸ್ವಂತ ವಿಷಯವಲ್ಲವೇ ಎಂದು ಬಿಳಿ ಹಾಳೆ ತೆಗೆದೆ. ಅದು ಆಗುವುದಿಲ್ಲ, ಹಣ ಬಂದದ್ದು ಆಫೀಸಿನಿಂದ, ಆಫೀಸಿನ ಲೆಟರ್‌ಹೆಡ್ಡಿನಲ್ಲೇ ಬೇಕು ಎಂದರು. ಬನ್ನಂಜೆಗೆ ಹೋಗಿ ಬರೆದೆ: ಮೇಲೆ ಗುರುತಿಸಿದ ಮೀನುಗಳೆಲ್ಲವನ್ನೂ ನಾನು ಮತ್ತು ನನ್ನ ಕುಟುಂಬದವರು ತಿಂದಿರುತ್ತೇವೆ ಎಂದು ಈ ಮೂಲಕ ದೃಢೀಕರಿಸುತ್ತೇನೆ. ಸಹಿ, ಸೀಲು ಹಾಕಿ ಬ್ಯಾಂಕಿಗೆ ತಂದು ಕೊಟ್ಟೆ.

ಬ್ಯಾಂಕಿನ ಮೆಟ್ಟಿಲು ಇಳಿಯುವಾಗ ಅಕ್ಕನನ್ನು ಕೇಳಿದೆ, ನಿಮಗೆ ಇದು ಗೊತ್ತೇ ಇರಲಿಲ್ಲವೇ ಎಂದು.

"ಮೊದಲ ತಿಂಗಳೇ ನೋಡಿದ್ದೆ ಸರ್. ಓದಿದವರು ಮಾಡಿದ್ದಲ್ವಾ, ಏನೋ ಒಂದು ಕಾನೂನು ಇರಬಹುದು ಅಂತ ಸುಮ್ಮನಾದೆ."

ಸಾಲ ಮಂಜೂರಾಯಿತು. ಟೆಂಪೋ ಈಗ ಬಜಗೋಳಿಗೆ ಹೋಗಿ ಬರುತ್ತಿದೆ. ಭಾನುವಾರ ಬೆಳಿಗ್ಗೆ ಮಾತ್ರ ಅಕ್ಕ ಕಾಪುವಿನ ಹಳೆಯ ಜಾಗದಲ್ಲೇ ಇರುತ್ತಾರೆ. ಮೊನ್ನೆ ಹೋದೆ. ಹಿಂದೆ ನಾಲ್ಕೈದು ಗಿರಾಕಿಗಳು ಕಾಯುತ್ತಿದ್ದರು. ಬಂಗುಡೆ ಆರಿಸಿ ಕೊಟ್ಟೆ, ತೂಗಿದರು, ಚೀಲಕ್ಕೆ ತುಂಬಿದರು, ನಾನು ಹಣ ಹಾಕಲು ಫೋನ್ ತೆಗೆದಾಗ ಚೀಲವನ್ನು ಮಡಿಲಲ್ಲೇ ಇಟ್ಟುಕೊಂಡು ನನ್ನ ಕಡೆ ಕೈ ಚಾಚಿದರು.

"ಫೋನ್ ತೋರಿಸಿ ಸರ್."

ತೋರಿಸಿದೆ.