ಹತ್ತು ತೋಟಾ ವಾಲ್ಟರ್

ಕಾರಿನ ಚಕ್ರಗಳಿಗೆ ನಾಲ್ಕು ನಿಂಬೆಹಣ್ಣು ಬೇಕಾಗಿತ್ತು, ಮನೆಯಲ್ಲಿ ಮೂರೇ ಇದ್ದವು. ಇಷ್ಟೇ ಕಾರಣ. ನಾಲ್ಕನೆಯದನ್ನು ತರಲು ಗೋಪಿನಾಥ ಇಂಡಿಯನ್ ಗ್ರೋಸರಿಗೆ ಹೋಗಿ ಬರುವ ಇಪ್ಪತ್ತು ನಿಮಿಷದಲ್ಲಿ ಅವನ ಅತ್ತೆ ರೇಣುಕಾದೇವಿ ಪಕ್ಕದ ಮನೆಯ ವಾಲ್ಟರನನ್ನು ಎಲ್ಲರ ಹಣೆಗೂ ಬಳಿದು ಮುಗಿಸಿದ್ದರು.

ವಾಲ್ಟರ್ ಸತ್ತು ಮೂರು ತಿಂಗಳಾಗಿತ್ತು. ಅಮೆರಿಕದ ಸುವಾನಿಯ ಆ ಬೀದಿಯಲ್ಲಿ ಅವನಷ್ಟು ಹಳಬ ಇನ್ನೊಬ್ಬನಿರಲಿಲ್ಲ. ಶನಿವಾರ ಬಂತೆಂದರೆ ಗ್ಯಾರೇಜಿನಲ್ಲಿ ಕೂತು ಕೋವಿಯ ಖಾಲಿ ತೋಟಾಗಳಿಗೆ ಮತ್ತೆ ಮದ್ದು ತುಂಬುತ್ತಿದ್ದ. ಅದಕ್ಕೊಂದು ಯಂತ್ರವಿತ್ತು. ಮೇಲೆ ಎರಡು ಬಾಟಲಿ, ಒಂದರಲ್ಲಿ ಮದ್ದು, ಇನ್ನೊಂದರಲ್ಲಿ ಸಾಸಿವೆಯಂಥ ಸೀಸದ ಗುಂಡು, ಪಕ್ಕದಲ್ಲಿ ಶಾವಿಗೆ ಒರಳಿಗಿರುವಂಥ ಹಿಡಿ. ಒಮ್ಮೆ ಎಳೆದರೆ ಹಳೆಯ ಕೇಪು ಉದುರಿ ಹೊಸದು ಕೂರುತ್ತದೆ, ಮತ್ತೊಮ್ಮೆ ಎಳೆದರೆ ಮದ್ದು, ಆಮೇಲೆ ಗುಂಡು, ಕೊನೆಗೆ ತೋಟಾದ ಬಾಯಿ ಮಡಚಿಕೊಳ್ಳುತ್ತದೆ. ಇದನ್ನೆಲ್ಲ ಎರಡು ವರ್ಷ ಕೂತು ಕೇಳಿದವನು ಗೋಪಿನಾಥನೊಬ್ಬನೇ. ಆಸಕ್ತಿಯಿಂದಲ್ಲ, ನಡುವೆ ಎದ್ದು ಹೋಗುವ ಧೈರ್ಯ ಆ ಪ್ರಾಣಿಗೆ ಇರಲಿಲ್ಲ.

ಸುಮ್ಮನೆ ಕೂತು ಕೇಳಿದ್ದಕ್ಕೆ ಹಗ್ಗ ಕೊಟ್ಟು ಕೈಕಟ್ಟಿಸಿಕೊಂಡ ಹಾಗಾಯಿತು. ಶುಕ್ರವಾರ ಸಂಜೆ ವಾಲ್ಟರನ ಹೆಂಡತಿ ಲೊರೇನ್ ಆ ಯಂತ್ರವನ್ನೂ ಖಾಲಿ ತೋಟಾಗಳನ್ನೂ ಬೂದಿ ತುಂಬಿದ ಒಂದು ಗಾಜಿನ ಭರಣಿಯನ್ನೂ ಹೊತ್ತು ತಂದಳು. ತನ್ನ ಬೂದಿಯನ್ನು ಹತ್ತು ತೋಟಾಗಳಲ್ಲಿ ಗುಂಡಿನ ಬದಲು ತುಂಬಿ ಹೊಲದ ಮೇಲೆ ಆಕಾಶಕ್ಕೆ ಹಾರಿಸಬೇಕು ಎನ್ನುವುದು ವಾಲ್ಟರನ ಕೊನೆಯ ಆಸೆಯಂತೆ.

"ಗೋಪಿ, ಅವನು ಕಲಿಸಿದ್ದು ನಿನಗೊಬ್ಬನಿಗೇ," ಎಂದಳು ತನ್ನ ಎಳೆದೆಳೆದು ಆಡುವ ಇಂಗ್ಲಿಷಿನಲ್ಲಿ. "ನಾಳೆ ನಾಲ್ಕು ಗಂಟೆಗೆ ನನ್ನ ತಮ್ಮನ ಹೊಲಕ್ಕೆ ಬಾ."

ನಲವತ್ತಾರು ವರ್ಷ ಜೊತೆಗೆ ಬಾಳಿದವನನ್ನು ಅವಳು ನಂಬಿ ಕೈಗೆ ಕೊಟ್ಟಿದ್ದಳು. ಗೋಪಿನಾಥ ಯಂತ್ರವನ್ನು ತನ್ನ ಗ್ಯಾರೇಜಿನಲ್ಲಿ ಇಳಿಸಿದ. ಭರಣಿಯನ್ನು ಯಂತ್ರದ ಪಕ್ಕದಲ್ಲೇ ಇಟ್ಟ. ಮಾರನೆಯ ದಿನ ಆಯುಧ ಪೂಜೆ ಎಂಬುದು ನೆನಪಿಗೇ ಬರಲಿಲ್ಲ.

ಅತ್ತೆಯವರು ತುಮಕೂರಿನಿಂದ ತಂದ ವಿಭೂತಿ ಗಟ್ಟಿ ಹಿಂದಿನ ವಾರವೇ ಸವೆದು ಹೋಗಿತ್ತು. ಗ್ಯಾರೇಜಿಗೆ ಬಂದು ನೋಡುತ್ತಾರೆ, ಭರಣಿ ತುಂಬ ಬೂದಿ. ಅಳಿಯ ಎಲ್ಲಿಂದಲೋ ತರಿಸಿದ್ದಾನೆಂದು ಸಂತೋಷಪಟ್ಟು ಕಾರಿಗೆ, ಹುಲ್ಲು ಕತ್ತರಿಸುವ ಮಷೀನಿಗೆ, ಲ್ಯಾಪ್‌ಟಾಪಿಗೆ, ತೋಟಾ ಯಂತ್ರಕ್ಕೆ ಮೂರು ಮೂರು ಗೆರೆ ಎಳೆದು ಕುಂಕುಮವಿಟ್ಟರು.

ಗೋಪಿನಾಥ ನಿಂಬೆಹಣ್ಣು ಹಿಡಿದು ಒಳಗೆ ಬಂದಾಗ ಮದ್ದಿನ ಬಾಟಲಿಯ ಪಕ್ಕದಲ್ಲಿ ಮಂಗಳಾರತಿ ಉರಿಯುತ್ತಿತ್ತು. ತಟ್ಟೆಯನ್ನು ಎತ್ತಿಕೊಂಡು ಅಂಗಳಕ್ಕೆ ಓಡಿದ.

"ಮಂಗಳಾರತಿ ಹೊತ್ಕೊಂಡು ಎಲ್ಲಿಗ್ರೀ ಓಡ್ತಿದೀರಾ?" ಎಂದ ಎದುರು ಮನೆಯ ಗುರುದತ್. ಯಾರ ಮನೆಯಲ್ಲಿ ಪೂಜೆಯಾದರೂ ಕರೆಯದೆ ಬಂದು ಸಲಹೆ ಕೊಡುವವನು. "ವಿಭೂತಿ ಫಸ್ಟ್ ಕ್ಲಾಸಾಗಿದೆ. ಆಂಟಿ ಪ್ರಸಾದ ಅಂತ ಚೂರು ಬಾಯಿಗೂ ಹಾಕಿದ್ರು. ಸ್ವಲ್ಪ ಉಪ್ಪುಪ್ಪು."

ಗೋಪಿನಾಥ ಒಳಗೆ ವಾಪಸು ಓಡಿ ಭರಣಿ ನೋಡಿದ. ತಳ ಕಾಣುತ್ತಿತ್ತು.

"ಶ್ರೀಶೈಲದ್ದಾ ಅಳಿಯಂದ್ರೇ? ಎಷ್ಟು ನುಣುಪಾಗಿದೆ," ಎಂದರು ರೇಣುಕಾದೇವಿ. "ಉಳಿದಿದ್ದನ್ನ ನೀರಲ್ಲಿ ಕಲಸಿ ಮನೆ ಸುತ್ತ ಚಿಮುಕಿಸಿಬಿಟ್ಟೆ. ದೃಷ್ಟಿ ತಾಗಬಾರ್ದು ನೋಡಿ."

ಗೋಪಿನಾಥ ಹೆಂಡತಿ ಕಾತ್ಯಾಯಿನಿಯನ್ನು ಒಳಗೆ ಎಳೆದುಕೊಂಡು ಹೋಗಿ ವಿಷಯ ಹೇಳಿದ. ಅವಳ ಕೈ ಮೆಲ್ಲಗೆ ಹಣೆಗೆ ಹೋಯಿತು.

"ರೀ, ಇದು ವಾಲ್ಟರ್ ಅಂಕಲ್ಲಾ?"

"ಹೂಂ."

"ಅಮ್ಮಂಗೆ ಹೇಳ್ಬೇಡಿ. ಬಿಪಿ ಏರುತ್ತೆ," ಎಂದು ಅವಳು ಸಿಂಕಿನ ಕಡೆ ಓಡಿದಳು. ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡ ಗುರುದತ್ ಇಂಗು ತಿಂದ ಮಂಗನಂತಾಗಿ, ಅಂಗಳದ ಪೈಪಿನಲ್ಲಿ ಹತ್ತು ಸಲ ಬಾಯಿ ಮುಕ್ಕಳಿಸಿ, ಶನಿವಾರವಾದರೂ ಮೀಟಿಂಗ್ ಇದೆಯೆಂದು ಹೊರಟುಹೋದ.

ಆಗ ಡ್ಯೂಕ್ ಬಂತು. ವಾಲ್ಟರನ ಮುದಿ ನಾಯಿ, ಯಜಮಾನ ಸತ್ತ ದಿನದಿಂದ ಲೊರೇನಳ ಮೆಟ್ಟಿಲು ಬಿಟ್ಟು ಕದಲದೆ ಇದ್ದದ್ದು. ನೇರವಾಗಿ ಗ್ಯಾರೇಜಿನೊಳಕ್ಕೆ ನಡೆದು ಬಂದು ರೇಣುಕಾದೇವಿಯ ಪಾದದ ಮೇಲೆ ತಲೆಯಿಟ್ಟು ಮಲಗಿತು. ನಾಯಿ ಕಂಡರೆ ಸೋಫಾ ಹತ್ತುವ ಅತ್ತೆಯವರು ಬಗ್ಗಿ ಅದರ ಎಡಗಿವಿಯ ಹಿಂದೆ ಕೆರೆದರು. ವಾಲ್ಟರ್ ಕೆರೆಯುತ್ತಿದ್ದುದೂ ಅಲ್ಲೇ.

"ಕಾತ್ಯಾಯಿನಿ, ಒಂದು ಲೋಟ ಕಾಫಿ ತಾ," ಎಂದರು. "ಹಾಲು ಬೇಡ. ಸಕ್ರೆನೂ ಬೇಡ."

ಗಟ್ಟಿ ಹಾಲಿಲ್ಲದೆ ಹುಟ್ಟಿದಾಗಿನಿಂದ ಕಾಫಿ ಕುಡಿಯದ ಹೆಂಗಸು. ಕಾತ್ಯಾಯಿನಿ ಗಂಡನ ಮುಖ ನೋಡಿದಳು, ಗೋಪಿನಾಥ ಗೋಡೆ ನೋಡಿದ.

ಆದರೂ ನಾಲ್ಕು ಗಂಟೆಗೆ ಹತ್ತು ತೋಟಾ ಬೇಕು. ಧೂಪದ ಬೂದಿ, ಊದುಬತ್ತಿಯ ಬೂದಿ, ಹಿತ್ತಲ ಗ್ರಿಲ್ಲಿನ ಇದ್ದಿಲ ಬೂದಿ ಎಲ್ಲ ಜರಡಿ ಹಿಡಿದು ಭರಣಿಗೆ ತುಂಬಿ ಯಂತ್ರದ ಮುಂದೆ ಕೂತ. ಸತ್ತವನಿಗೆ ಮಾಡುತ್ತಿರುವ ಮೋಸಕ್ಕೆ ಅವನಿಗೆ ನಾಚಿಕೆಯಾಗುತ್ತಿತ್ತು, ಹೆದರಿಕೆ ಅದಕ್ಕಿಂತ ಹೆಚ್ಚಾಗಿತ್ತು. ಎರಡು ತೋಟಾ ಆದವು. ಮೂರನೆಯದಕ್ಕೆ ಹಿಡಿ ನಡುವೆ ಸಿಕ್ಕಿಕೊಂಡಿತು.

"ಗೋಪಿ, ಅರ್ಧಕ್ಕೆ ನಿಲ್ಲಿಸ್ಬೇಡ," ಎಂದಿತು ಬೆನ್ನ ಹಿಂದಿನ ದನಿ. "ಒಂದೇ ದಮ್ಮಿಗೆ ಕೆಳಗೆ ಎಳಿ."

ದನಿ ಅತ್ತೆಯದು, ಮಾತು ವಾಲ್ಟರನದು, ಶನಿವಾರ ಶನಿವಾರ ಕೇಳಿ ಬಾಯಿಪಾಠವಾಗಿದ್ದದ್ದು. ಮದುವೆಯಾಗಿ ಒಂಬತ್ತು ವರ್ಷದಲ್ಲಿ ಅತ್ತೆ ಅವನನ್ನು ಹೆಸರು ಹಿಡಿದು ಕರೆದವರಲ್ಲ, ಏಕವಚನ ಆಡಿದವರಲ್ಲ.

ತಿರುಗಿದ. ಬಾಗಿಲಲ್ಲಿ ರೇಣುಕಾದೇವಿ, ಪಕ್ಕದಲ್ಲಿ ಡ್ಯೂಕ್.

"ಏನಂದ್ರಿ ಅತ್ತೆ?"

"ನಾನೇನೂ ಅನ್ಲಿಲ್ವಲ್ಲ ಅಳಿಯಂದ್ರೇ. ಊಟಕ್ಕೆ ಹಪ್ಪಳ ಕರೀಲಾ ಅಂತ ಕೇಳೋಣ ಅಂತ ಬಂದೆ."

ಒಂದೇ ದಮ್ಮಿಗೆ ಎಳೆದ. ಹಿಡಿ ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯಿತು. ಉಳಿದ ಏಳೂ ಹಾಗೇ ಇಳಿದವು. ಹಪ್ಪಳ ಮಾತ್ರ ಅವನ ಗಂಟಲಲ್ಲಿ ಇಳಿಯಲಿಲ್ಲ.

ಹೊಲಕ್ಕೆ ತಾನೂ ಬರುತ್ತೇನೆಂದು ಅತ್ತೆ ಹಟ ಹಿಡಿದರು. ಕಾರಿನ ಪಕ್ಕ ಮಡಚುವ ಕುರ್ಚಿ ಹಾಕಿಸಿಕೊಂಡು, ಕಾಲ ಬಳಿ ನಾಯಿಯನ್ನು ಕೂರಿಸಿಕೊಂಡು, ಸೆರಗು ಹೊದ್ದು ಕೂತರು.

ಲೊರೇನ್ ಕೋವಿ ಎತ್ತಿ ಒಂದೊಂದಾಗಿ ಹಾರಿಸಿದಳು. ಪ್ರತಿ ಸಲವೂ ಬೂದುಬಣ್ಣದ ಹೊಗೆ ಪೈರಿನ ಮೇಲೆ ಹರಡಿ ಕರಗುತ್ತಿತ್ತು. ಸದ್ದಿಗೆ ಕಾಗೆಗಳೆಲ್ಲ ಎದ್ದವು, ಡ್ಯೂಕ್ ಮಾತ್ರ ಆ ಕಡೆ ತಿರುಗಿಯೂ ನೋಡದೆ ರೇಣುಕಾದೇವಿಯ ಮುಖವನ್ನೇ ನೋಡುತ್ತಿತ್ತು. ಹತ್ತನೆಯದು ಹಾರಿದ ಮೇಲೆ ಗೋಪಿನಾಥನಿಗೆ ತಡೆಯಲಾಗಲಿಲ್ಲ. ಲೊರೇನಳಿಗೆ ಸುಳ್ಳು ಹೇಳಿ ಮನೆಗೆ ಹೋದರೆ ಇನ್ನು ಜನ್ಮದಲ್ಲಿ ನಿದ್ದೆ ಬರುವುದಿಲ್ಲ ಎನಿಸಿತು.

"ಲೊರೇನ್, ಒಂದು ವಿಷಯ ಹೇಳಬೇಕು."

"ನಾನೂ ಹೇಳಬೇಕು. ನನ್ನದು ಮೊದಲು," ಎಂದಳು ಅವಳು. ಟ್ರಕ್ಕಿನ ಬಾಗಿಲು ತೆಗೆದು ಸೀಟಿನಿಂದ ಒಂದು ಮರದ ಪೆಟ್ಟಿಗೆ ಎತ್ತಿಕೊಂಡಳು. "ಬೇಜಾರು ಮಾಡಿಕೊಳ್ಳಬೇಡ. ಭರಣಿಯಲ್ಲಿದ್ದದ್ದು ನಮ್ಮ ಒಲೆಯ ಸೌದೆ ಬೂದಿ. ನೀನು ಒಬ್ಬನೇ ಒಂದು ತೋಟಾನೂ ತುಂಬಿದವನಲ್ಲ. ಮೊದಲ ಸಲಕ್ಕೇ ನನ್ನ ಗಂಡನನ್ನು ಹೇಗೆ ಕೊಡಲಿ? ಹತ್ತೂ ಚೆನ್ನಾಗಿ ಹಾರಿದವು. ಇವನು ವಾಲ್ಟರ್. ಮೂರು ತಿಂಗಳಿಂದ ಈ ಪೆಟ್ಟಿಗೆಯ ಮುಚ್ಚಳ ತೆಗೆದಿಲ್ಲ. ನಾಳೆ ಅವನ ಹುಟ್ಟುಹಬ್ಬ, ಬೆಳಿಗ್ಗೆಗೆ ಇನ್ನೂ ಹತ್ತು ತುಂಬಿಕೊಡು."

ಗೋಪಿನಾಥನಿಗೆ ಹೋದ ಜೀವ ಬಂದಂತಾಯಿತು. ಹಣೆಗೆ ಬಳಿದದ್ದು ಸೌದೆ ಬೂದಿ. ಗುರುದತ್ ನೆಕ್ಕಿದ್ದು ಸೌದೆ ಬೂದಿ. ತಾನು ಯಾರಿಗೂ ಮೋಸ ಮಾಡಿಲ್ಲ. ಹೇಳಬೇಕೆಂದಿದ್ದನ್ನು ನುಂಗಿಕೊಂಡು, ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, ನಗುನಗುತ್ತಲೇ ಕಾರಿನ ಕಡೆ ನಡೆದ. ಹತ್ತು ಹೆಜ್ಜೆ ಹೋದ ಮೇಲೆ ನಗು ನಿಂತಿತು. ವಾಲ್ಟರ್ ಪೆಟ್ಟಿಗೆ ಬಿಟ್ಟು ಹೊರಗೇ ಬಂದಿಲ್ಲವೆಂದ ಮೇಲೆ ಗ್ಯಾರೇಜಿನಲ್ಲಿ ಮಾತಾಡಿದ್ದು ಯಾರು?

ಅತ್ತೆಯವರು ಕುರ್ಚಿಯಿಂದ ಪೆಟ್ಟಿಗೆಯನ್ನು ನೋಡಿದರು. ಆಮೇಲೆ ಅವನನ್ನು ನೋಡಿದರು.

"ಗೋಪಿ," ಎಂದರು, "ಇವತ್ತು ಹತ್ತರಲ್ಲೂ ಮದ್ದು ಕಮ್ಮಿ ಇತ್ತು. ನಾಳೆ ನನ್ನನ್ನ ತುಂಬೋವಾಗ ಸರಿಯಾಗಿ ಅಳತೆ ನೋಡಿ ಹಾಕು."